ಉಪ್ಪಿನ ಬಾಟಲಿಯ ಕಲ್ಮಶ

ಶಿಸ್ತು ಹೆಚ್ಚಿದ್ದಲ್ಲಿಗೇ ಎಡವಟ್ಟುಗಳು ಹುಡುಕಿಕೊಂಡು ಬರುತ್ತವೆ. ನನ್ನ ಅನುಭವ ಹಾಗೆ. ಎಂಬತ್ತರ ದಶಕದ ಆರಂಭ. ಮಣಿಪಾಲದ ಕಾಲೇಜೊಂದರ ಲ್ಯಾಬಿನಲ್ಲಿ, ಕಾಸಿ ದ್ರವವಾಗಿಸಿದ ಸೋಡಿಯಮ್ ಲೋಹದಲ್ಲಿ ಉಪ್ಪು ಎಷ್ಟು ಕರಗುತ್ತದೆಂದು ಅಳೆಯುತ್ತಿದ್ದೆ. ತುಸು ತೇವ ಸೇರಿದರೂ ಲೆಕ್ಕ ತಪ್ಪುತ್ತದೆ. ತಿಂಗಳ ಕೊನೆಗೆ ಪರೀಕ್ಷಕರು ಬರುವವರಿದ್ದರು. ಅಷ್ಟರೊಳಗೆ ಮೂರು ಅಳತೆಗಳು ಒಂದೇ ಬರಬೇಕು. ಇಲ್ಲದಿದ್ದರೆ ನನ್ನ ನಾಲ್ಕು ವರ್ಷದ ಡಾಕ್ಟರೇಟ್ ಕೆಲಸ ನೀರಿಗೆ. ಹೊರಗೆ ಆಟಿ ತಿಂಗಳ ಜಡಿಮಳೆ. ನನಗೆ ಊಟ ಸೇರುತ್ತಿರಲಿಲ್ಲ.

ಮಡಿ

ಅಲೆವೂರಿನಿಂದ ಬರುತ್ತಿದ್ದ ನಮ್ಮ ಅಟೆಂಡರು ನಿವೃತ್ತಿಗೆ ಹತ್ತಿರವಾದವರು. “ಈ ಕೋಣೆಗೆ ಶುದ್ಧವಾಗಿ ಬರಬೇಕು, ಮಡಿ ಎಂದೇ ತಿಳಿಯಿರಿ” ಎಂದಿದ್ದೆ. ಮರುದಿನ ಕಾಲೇಜಿನ ಬಾವಿಕಟ್ಟೆಯಲ್ಲಿ ಮಿಂದು, ನೀರು ತೊಟ್ಟಿಕ್ಕುವ ಪಂಚೆಯಲ್ಲೇ ಬಂದರು. ಸೋಡಿಯಮ್‌ಗೆ ನೀರು ತಾಗಿದರೆ ಬೆಂಕಿ. ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತೆ.

“ದೇವರಿಗೇ ಆಗುವ ಒದ್ದೆ ಇದಕ್ಕೆ ಆಗುವುದಿಲ್ಲವಾ? ಇದೆಂತ ನಮೂನೆಯ ಲೋಹ ಸಾರ್?” ಎಂದರು.

ಅಕ್ಕಿ

ಮೊದಲೆರಡು ಅಳತೆಗಳು ಹೊಂದಲಿಲ್ಲ. ಉಪ್ಪಿನ ಬಾಟಲಿ ಅಲುಗಿಸಿದರೆ ಒಳಗೆ ಹತ್ತು ಕಾಳು ಕೆಂಪು ಕುಚ್ಚಲಕ್ಕಿ. ಸ್ಟೋರು ನೋಡಿಕೊಳ್ಳುತ್ತಿದ್ದ, ನಾವೆಲ್ಲ ‘ಬಾಯಿ’ ಎಂದು ಕರೆಯುತ್ತಿದ್ದ ಹೆಂಗಸು ಸಮಾಧಾನದಿಂದಲೇ ಹೇಳಿದರು: “ತೇವ ಆಗಬಾರದು ಅಂತ ನೀವೇ ಹೇಳಿದ್ದಲ್ವಾ? ನಮ್ಮ ಮನೆಯ ಉಪ್ಪಿನ ಡಬ್ಬಿಗೂ ಹೀಗೇ ಹಾಕುವುದು.”

ಕಲ್ಮಶ ಎಂದರೇನು ಎಂದು ಅರ್ಧ ಗಂಟೆ ವಿವರಿಸಿದೆ. ಪೂರ್ತಿ ಕೇಳಿ ಅವರು ಅಳುಕುತ್ತಾ, “ಬಿಳಿ ಬೆಳ್ತಿಗೆ ಅಕ್ಕಿ ಹಾಕಬೇಕಿತ್ತಾ ಸಾರ್?” ಎಂದರು.

ಬೀಗ

ಹೊಸ ಬಾಟಲಿ ತಂದು ಕಪಾಟಿಗೆ ಬೀಗ ಜಡಿದೆ. ಕೀಲಿಕೈ ನನ್ನ ಕಿಸೆಯಲ್ಲಿ. ಆದರೂ ಅಳತೆ ದಿನದಿಂದ ದಿನಕ್ಕೆ ಜಾರುತ್ತಲೇ ಇತ್ತು. ಉಳಿದದ್ದು ಒಂದೇ ವಾರ. ಅಟೆಂಡರನ್ನೂ ಬಾಯಿಯವರನ್ನೂ ವಿಭಾಗ ಮುಖ್ಯಸ್ಥರ ಮುಂದೆ ನಿಲ್ಲಿಸಿ, “ಇವರಲ್ಲಿ ಯಾರೋ ಬಾಟಲಿ ತೆರೆಯುತ್ತಿದ್ದಾರೆ” ಎಂದೆ.

“ಕೀಲಿಕೈ ಯಾರ ಹತ್ತಿರ ಉಂಟು?” ಮುಖ್ಯಸ್ಥರು ಕೇಳಿದರು.

“ನನ್ನ ಹತ್ತಿರ.”

“ನೀವು ತೆರೆಯುವುದುಂಟಾ?”

“ದಿನಾ ಬೆಳಿಗ್ಗೆ. ಯಾರೂ ಮುಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಲು.”

“ಎಷ್ಟು ಹೊತ್ತು?”

“ಮುಚ್ಚಳ ತೆಗೆದು, ಬಣ್ಣ ನೋಡಿ, ಮಟ್ಟ ನೋಡಿ, ಪುಸ್ತಕದಲ್ಲಿ ಬರೆದು ಸಹಿ...”

ಮುಖ್ಯಸ್ಥರು ಕಿಟಕಿಯಾಚೆಯ ಮಳೆಯನ್ನೇ ನೋಡಿದರು. ಆ ತೇವವನ್ನು ದಿನಾ ಬಾಟಲಿಯೊಳಗೆ ಬಿಡುತ್ತಿದ್ದವನು ನಾನೇ. ಇಬ್ಬರ ಕ್ಷಮೆಯನ್ನೂ ಕೇಳಿ, ಕೀಲಿಕೈಯನ್ನು ಅಟೆಂಡರಿಗೆ ಒಪ್ಪಿಸಿದೆ. ಮತ್ತೆ ಉಪ್ಪು ಒಣಗಿಸಿ ಅಳೆದಾಗ ಮೂರೂ ಒಂದೇ ಬಂದವು.

ಸುಳ್ಳು ಬರೆಯುವುದು ನನ್ನಿಂದಾಗದ ಕೆಲಸ. ಪ್ರಬಂಧದಲ್ಲಿ ‘ಕಲ್ಮಶದ ಮೂಲ’ ಎಂಬಲ್ಲಿ ‘ಸಂಶೋಧಕ’ ಎಂದೇ ಬರೆದೆ. ಪರೀಕ್ಷಕರು ಆ ಸಾಲನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಕೇಳಿದರು: “ಇದನ್ನು ನಿವಾರಿಸಿದ್ದು ಹೇಗೆ?”

ನಾನು ಪ್ರಬಂಧದ ಪುಟ ಮಗುಚತೊಡಗಿದೆ. ಚಹಾ ತಂದಿದ್ದ ಅಟೆಂಡರು ಲೋಟ ಇಡುತ್ತಾ ನನ್ನ ಪರವಾಗಿ ಉತ್ತರಿಸಿದರು:

“ಇವರನ್ನು ಬಾಗಿಲ ಹೊರಗೆ ನಿಲ್ಲಿಸಿ ಸಾರ್.”