ಸಂಗಮೇಶರ ಸೆರೊಟೋನಿನ್ ಮಿರ್ಚಿ

ಡಿಸೆಂಬರಿನಲ್ಲಿ ಯಲಹಂಕದ ಚಳಿಗೆ ಬೀದಿ ನಾಯಿಗಳೂ ಮುದುಡಿ ಮಲಗುತ್ತವೆ. ಸಂಗಮೇಶರ ಮನೆಯಲ್ಲಿ ಮಾತ್ರ ಫ್ಯಾನು ಐದರಲ್ಲಿ ತಿರುಗುತ್ತಿತ್ತು. ಹೆಂಡತಿ ಪ್ರತಿಭಾಗೆ ಮುಟ್ಟು ನಿಲ್ಲುವ ಕಾಲ. ಕೂತಲ್ಲೇ ಮೈಯೆಲ್ಲ ಉರಿ, ಬೆವರು. ಮಂಕಿ ಕ್ಯಾಪು, ಎರಡು ಕಂಬಳಿಯೊಳಗಿಂದ ಸಂಗಮೇಶರು ಬೆಳಿಗ್ಗೆ ಒಂದು ಸಲ ಕೆಮ್ಮಿದ್ದೇ ತಪ್ಪಾಯಿತು. ತೀರ್ಪು ಬಂತು: "ಚಳಿ ಆದ್ರ ಇವತ್ತಿಂದ ದೇವರ ಖೋಲ್ಯಾಗ ಮಲಗ್ರಿ."

ಗದುಗಿನಿಂದ ಮದುವೆಯಾಗಿ ಕರೆತಂದ ದಿನದಿಂದ ಅವಳ ಬಳೆ ಸದ್ದಿಲ್ಲದೆ ಅವರಿಗೆ ನಿದ್ದೆ ಬಂದದ್ದಿಲ್ಲ. (ಗೊರಕೆ ಯಾರದು ಎಂಬ ಮೊಕದ್ದಮೆ ಇನ್ನೂ ಇತ್ಯರ್ಥವಾಗಿಲ್ಲ.)

ಹಿಂದಿನ ದಿನವಷ್ಟೇ ಡಾಕ್ಟರಮ್ಮ ಹೇಳಿದ್ದರು: "ನೋಡಿ, ಮೈ ಬಿಸಿ ಕಾಯೋಕೆ ಮಿದುಳಲ್ಲಿ ಒಂದು ಜಾಗ ಇದೆ. ಈ ವಯಸ್ಸಲ್ಲಿ ಈಸ್ಟ್ರೊಜೆನ್ ಕಮ್ಮಿಯಾಗಿ, ಜೊತೆಗೆ ಸೆರೊಟೋನಿನ್ನೂ ಏರುಪೇರಾದ್ರೆ, ಆ ಜಾಗ ಚೂರು ಬಿಸಿಗೂ ಗಾಬರಿ ಬೀಳುತ್ತೆ. ಮನಸ್ಸಿನ ಖುಷಿಗೂ ಸೆರೊಟೋನಿನ್ ಬೇಕು..."

ಖುಷಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸಂಗಮೇಶರು ಮುಂದಿನದನ್ನು ಕೇಳಲೇ ಇಲ್ಲ. ಯಶವಂತಪುರದ ಕಾರ್ಖಾನೆಯಲ್ಲಿ ಬಾಯ್ಲರ್ ಪಳಗಿಸಿದ ಮಹಾಪುರುಷರಲ್ಲವೇ! ಹೆಂಡತಿಗೆ ಖುಷಿ ತುಂಬಿದರೆ ಮೈ ತಂಪಾಗುತ್ತದೆ, ಫ್ಯಾನು ನಿಲ್ಲುತ್ತದೆ, ತಮ್ಮ ಹಾಸಿಗೆ ಇದ್ದಲ್ಲೇ ಇರುತ್ತದೆ ಎಂದು ಲೆಕ್ಕ ಹಾಕಿದರು.

ಖುಷಿ ಎಂದರೆ ನೆನಪಾದದ್ದು ಗಂಗಾನಗರದ ಬಾಡಿಗೆ ಕೋಣೆ. ಹೊಸ ಹೆಂಡತಿ ತವರು ನೆನೆದು ಅಳುತ್ತ ಕೂತಾಗ ಅವರು ಸೀಮೆಎಣ್ಣೆ ಸ್ಟವ್ ಹಚ್ಚಿ ಮಿರ್ಚಿ ಭಜಿ ಕರಿದಿದ್ದರು. ಹಿಟ್ಟೆಲ್ಲ ಎಣ್ಣೆಯಲ್ಲೇ ಉಳಿದು ಮೆಣಸಿನಕಾಯಿ ಬೋಳಾಗಿ ಎದ್ದು ಬಂದಿತ್ತು. ಅವಳು ನಕ್ಕಿದ್ದಳು, ಮನೆ ಮಾಲೀಕರು ಬಂದು ಬಾಗಿಲು ತಟ್ಟುವಷ್ಟು ನಕ್ಕಿದ್ದಳು. ಆ ನಗು ಕೇಳಿ ಎಷ್ಟು ಕಾಲವಾಯಿತು! ಸಂಗಮೇಶರ ಕಣ್ಣು ತುಂಬಿತು. (ಈರುಳ್ಳಿ ಇನ್ನೂ ಹೆಚ್ಚಿರಲಿಲ್ಲ.)

ಸಂಜೆ ತಟ್ಟೆ ತುಂಬ ಮಿರ್ಚಿ ಕರಿದು ತಂದಿಟ್ಟರು.

"ಇದೇನ್ರೀ?"

"ನಿನಗ ಔಷಧ. ತಿನ್ನು, ಖುಷಿ ಆಗತೈತಿ, ಮೈ ತಂಪಾಗತೈತಿ."

"ಅಯ್ಯ ಶಿವನ! ಖಾರ ತಿಂದ್ರ ಇನ್ನೂ ಬೆವರ್ತೀರಿ, ಬಿಟ್ಟುಬಿಡ್ರಿ ಅಂತ ಡಾಕ್ಟರ್ ಹೇಳಿದ್ದು ಕೇಳಲಿಲ್ಲೇನ?"

"ನಾ ಖುಷಿ ತನಕ ಕೇಳಿದ್ದೆ."

"ಲಗ್ನದಾಗ ಅಯ್ನೋರು ಹೇಳಿದ್ದನ್ನೂ ಹಿಂಗ ಅರ್ಧಾ ಕೇಳಿದ್ರಿ!"

ಮಾಡಿದ್ದುಣ್ಣೋ ಮಹಾರಾಯ. ಸಿಟ್ಟಿಗೆ ಸಂಗಮೇಶರು ಅಷ್ಟೂ ಮಿರ್ಚಿಯನ್ನು ತಾವೇ ತಿಂದರು. ಮೆಣಸಿನಕಾಯಿ ಯಾವ ಜಾತಿಯದೋ, ಖಾರ ನೆತ್ತಿಗೆ ಹತ್ತಿತು. ಕ್ಯಾಪು ಹೋಯಿತು, ಕಂಬಳಿ ಹೋಯಿತು, ಕೊನೆಗೆ ಬನಿಯನ್ನೂ ಹೋಯಿತು. ಬೆವರು ಸುರಿಸುತ್ತ ಫ್ಯಾನಿನಡಿ ನಿಂತು ಕೂಗಿದರು, "ಜೋರ್ ಮಾಡ, ಇನ್ನೂ ಜೋರ್ ಮಾಡ!"

"ಐದರ ಮ್ಯಾಲ ಇಲ್ಲರೀ!" ಪ್ರತಿಭಾ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೆರಗಿನಿಂದ ಅವರ ಕತ್ತು ಒರೆಸಿದಳು.

"ದೇವರ ಖೋಲಿ ಬ್ಯಾಡ, ಇಲ್ಲೇ ಮಲಗ್ರಿ," ಎಂದವಳು, ಬಹಳ ಕಾಳಜಿಯಿಂದ ದನಿ ತಗ್ಗಿಸಿ ಕೇಳಿದಳು, "ಅಲ್ಲರೀ, ನಿಮಗ ಇದು ಯಾವಾಗಿಂದ ಶುರು ಆತು?"