ಶೇಖರಪ್ಪನವರ ತಾಳೆಗಿಡ, ಅಮ್ಮನ ಮಡಿ ಸೀರೆ

ಬೇರೆಯವರ ವಸ್ತುವನ್ನು ಜೋಪಾನವಾಗಿ ನೋಡಿಕೊಳ್ಳುತ್ತೇನೆಂದು ಮಾತು ಕೊಡುವುದು ನನ್ನ ಹುಟ್ಟುಗುಣ. ನೋಡಿಕೊಳ್ಳುವುದು ಮಾತ್ರ ಇನ್ನೂ ರೂಢಿಯಾಗಿಲ್ಲ. ಪಕ್ಕದ ಮನೆಯವರು ಊರಿಗೆ ಹೋಗುವಾಗ ನನಗೆ ಒಪ್ಪಿಸಿದ್ದ ಗಿಳಿ, ಪಂಜರದ ಬಾಗಿಲು ಭದ್ರವಾಗಿದೆಯೇ ಎಂದು ನಾನು ತೆರೆದು ನೋಡಿದ ದಿನವೇ ಹಾರಿಹೋಯಿತು. ಇಷ್ಟಾದರೂ ಯಾರಾದರೂ "ಸ್ವಲ್ಪ ನೋಡ್ಕೋರಿ" ಎಂದರೆ ಸಾಕು, ನನ್ನ ಎದೆ ಉಬ್ಬುತ್ತದೆ. "ಒಲ್ಲೆ ಅನ್ನಲಿಕ್ಕೆ ನಿಮಗ ದೇವರು ನಾಲಿಗೀನ ಕೊಟ್ಟಿಲ್ಲ" ಎನ್ನುತ್ತಾಳೆ ಹೆಂಡತಿ.

ಹೊಸಪೇಟೆಯ ನಮ್ಮ ಮನೆಗೆ ಆ ಮುಳ್ಳಿನ ತಾಳೆ ಬಂದದ್ದೂ ಹೀಗೆಯೇ. ನಾನು ಸಂಡೂರಿನ ಶಾಲೆಯೊಂದರಲ್ಲಿ ಗುಮಾಸ್ತನಾಗಿದ್ದಾಗ, ಬಸ್ಸಿನಲ್ಲಿ ಒಬ್ಬರಿಗೊಬ್ಬರು ಸೀಟು ಹಿಡಿದುಕೊಟ್ಟು ಗೆಳೆಯರಾದವರು ಶೇಖರಪ್ಪನವರು. ದೋಣಿಮಲೈ ಗಣಿಯಿಂದ ನಿವೃತ್ತರಾದ ಅವರು ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು. ಕಂಪ್ಲಿಯಲ್ಲಿ ಕಟ್ಟಿಸುತ್ತಿದ್ದ ಮನೆಗೆ ಇನ್ನೂ ಛಾವಣಿ ಹಾಕಿರಲಿಲ್ಲ. "ಅಲ್ಲೀತನಕ ಅಣ್ಣನ ಮನ್ಯಾಗ ಇರತೀನ್ರಿ. ಅಲ್ಲಿ ಮ್ಯಾಕಿ ಅದಾವು. ಅವಕ್ಕ ಮುಳ್ಳಂದ್ರ ಹಪ್ಪಳ ಇದ್ದಂಗ" ಎನ್ನುತ್ತಾ ಆಟೋದಿಂದ ಕುಂಡವನ್ನು ಇಳಿಸಿದರು. ಮೊಣಕಾಲೆತ್ತರದ ಗಿಡ, ಕಾಂಡದ ತುಂಬ ಸೂಜಿಯಂಥ ಕಪ್ಪು ಮುಳ್ಳು. ದೂರದ ಯಾವುದೋ ದೇಶದ ಕಡಲಂಚಿನ ಕಾಡಿನದಂತೆ. ಅವರ ಹೆಂಡತಿ ಶಾರದಮ್ಮ ಮಂಗಳೂರಿಗೆ ಹೋದಾಗ ತಂದು ಸಾಕಿದ್ದು. "ಆಕಿ ಹೋಗಿ ಎರಡು ವರ್ಷಾತ್ರಿ. ಆಕಿ ಕೈಯಾಗ ಬೆಳದದ್ದು ಇದೊಂದ ಉಳದೈತಿ" ಎಂದು ಅವರು ಮುಖ ತಿರುಗಿಸಿಕೊಂಡರು. ಪ್ರಾಣ ಕೊಟ್ಟಾದರೂ ಉಳಿಸುತ್ತೇನೆಂದುಬಿಟ್ಟೆ.

ಅಮ್ಮ ಕುಂಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ನೋಡಿದವರು ಈಚಲ ಗಿಡ ಅಂತಾರಲ್ಲೋ. ಇದರ ಬಾಜೂಕ ಕೂತು ಮಜ್ಜಿಗಿ ಕುಡದರೂ ಯಾರು ನಂಬತಾರ?" ಎಂದಳು.

ಕಡಲ ಕಾಡಿನ ಗಿಡಕ್ಕೆ ಹೊಸಪೇಟೆಯ ಬೇಸಿಗೆ ಹೇಗೆ ಹಿಡಿಸಬೇಕು? ತಂಪಿರಲಿ ಎಂದು ಬಚ್ಚಲಲ್ಲಿ ಇಟ್ಟೆ. ಅಂದಿನಿಂದ ಮನೆಯವರೆಲ್ಲ ಗೋಡೆಗಂಟಿಕೊಂಡು ಸ್ನಾನ ಮಾಡಿದರು. ಆಮೇಲೆ ನನಗೊಂದು ಜ್ಞಾನೋದಯವಾಯಿತು. ಕಡಲಂಚಿನದೆಂದ ಮೇಲೆ ಇದಕ್ಕೆ ಉಪ್ಪು ಬೇಡವೇ? ದಿನಾ ಒಂದು ಚಮಚ ಉಪ್ಪನ್ನು ನೀರಲ್ಲಿ ಕದಡಿ ಗುಟ್ಟಾಗಿ ಹಾಕತೊಡಗಿದೆ. ವಾರದಲ್ಲಿ ಗರಿಗಳ ತುದಿ ಕಂದಿದವು. ಉಪ್ಪು ಸಾಲದೇನೋ ಎಂದು ಎರಡು ಚಮಚ ಮಾಡಿದೆ. ಗಿಡ ಇನ್ನಷ್ಟು ಸೊರಗಿತು. ಶೇಖರಪ್ಪನವರ ಫೋನ್ ಬಂದರೆ ಎತ್ತಲೂ ಭಯವಾಗತೊಡಗಿತು.

ಒಂದು ಬೆಳಿಗ್ಗೆ ನೋಡಿದರೆ ಕುಂಡ ಬಚ್ಚಲಲ್ಲಿಲ್ಲ. ಅಮ್ಮ ಹೆಂಡತಿಯ ಕೈಲಿ ಅದನ್ನು ಹಿಂದಿನ ಪಡಸಾಲೆಗೆ ಸಾಗಿಸಿ, ತನ್ನ ಮಡಿ ಸೀರೆ ಒಣಗುವ ಹಗ್ಗದ ಕೆಳಗೆ ಇಡಿಸಿದ್ದಳು. ಇಲ್ಲಿ ನನ್ನದೊಂದು ಹಳೆಯ ಪಾಪ ಹೇಳಬೇಕು. ಅಮ್ಮ ಸ್ನಾನ ಮಾಡಿ ಸೀರೆಯನ್ನು ನೀರಲ್ಲಿ ಜಾಲಾಡಿ ಕೋಲಿನಿಂದ ಹಗ್ಗಕ್ಕೆ ಏರಿಸುತ್ತಾಳೆ. ಮರುದಿನದ ಪೂಜೆಯವರೆಗೆ ಅದನ್ನು ಯಾರೂ ಮುಟ್ಟಕೂಡದು. ನಾನೋ, ಮುಖ ತೊಳೆದು, ಕಣ್ಣುಮುಚ್ಚಿಕೊಂಡೇ ಬಂದು, ಕೈಗೆ ಸಿಕ್ಕಿದ್ದರಲ್ಲಿ ಒರೆಸಿಕೊಳ್ಳುವವನು. ವಾರಕ್ಕೆ ಎರಡು ಸಲವಾದರೂ ಅದು ಮಡಿ ಸೀರೆಯೇ ಆಗಿರುತ್ತಿತ್ತು. ಪಾಪ, ಆಕೆ ಮತ್ತೆ ಬಾವಿಕಟ್ಟೆಗೆ ಹೋಗಿ ಜಾಲಾಡಿಕೊಂಡು ಬರಬೇಕು. ಆ ದಿನವೂ ಕಣ್ಣುಮುಚ್ಚಿ ಕೈ ಚಾಚಿದೆ. ಮೊಣಕಾಲಿಗೆ ಏಳೆಂಟು ಮುಳ್ಳು ಒಟ್ಟಿಗೇ ಚುಚ್ಚಿದವು. ಅಂದಿನಿಂದ ನಾನು ಸೀರೆಯ ತಂಟೆಗೆ ಹೋಗಲಿಲ್ಲ. "ನಮ್ಮ ಮನ್ಯಾಗ ಖರೇ ಮಡಿ ಮಾಡೋದು ಇದೊಂದ. ಯಾರನ್ನೂ ಮುಟ್ಟಿಸ್ಕೊಳ್ಳಂಗಿಲ್ಲ" ಎಂದು ಅಮ್ಮ ಮೆಚ್ಚಿದಳು.

ಶ್ರಾವಣದಲ್ಲಿ ಶೇಖರಪ್ಪನವರು ಬಂದರು. ಕಂಪ್ಲಿಯ ಮನೆ ಮುಗಿದಿತ್ತು. ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತವರು ಬಹಳ ಹೊತ್ತು ಮೇಲೇಳಲಿಲ್ಲ. ನಡುವೆ ಎಳೆ ಹಸಿರಿನ ಹೊಸ ಗರಿಯೊಂದು ಬಂದಿತ್ತು. "ಶಾರದಾ ಹೋದಮ್ಯಾಲ ಇದು ಒಂದು ಗರೀನೂ ಬಿಟ್ಟಿದ್ದಿಲ್ರಿ. ಏನ್ ಮಾಡಿದ್ರಿ ನೀವು?" ಎಂದವರ ಕಣ್ಣು ತುಂಬಿತ್ತು. ನಾನು ಹವಾಮಾನ, ಮಣ್ಣಿನ ಗುಣ ಎಂದೆಲ್ಲ ಶುರುಹಚ್ಚಿಕೊಂಡೆ. ಅಮ್ಮ ಬಾಗಿಲಲ್ಲಿ ನಿಂತು, "ಹೌದಪ್ಪಾ, ಭಾಳ ಕಷ್ಟಪಟ್ಟಾನ" ಎಂದಳು.

ಆಟೋ ಮರೆಯಾದ ಮೇಲೆ ನನ್ನ ಕಡೆ ತಿರುಗಿದಳು. "ಉಪ್ಪಿನ ಡಬ್ಬಿ ಖಾಲಿ ಆಗೂದು ನನಗ ಗೊತ್ತಾಗಂಗಿಲ್ಲ ಅಂತ ತಿಳಕೊಂಡಿದ್ದೇನು? ನಾಕು ಕೊಡ ನೀರು ಸುರುವಿಸಿ ಮಣ್ಣು ತೊಳಸೀನಿ. ಆಮ್ಯಾಲ ದಿನಾ ನನ್ನ ಸೀರಿ ನೀರು ಅದರ ಮ್ಯಾಲೆ ಹನೀತಿತ್ತು. ಅಷ್ಟ ಸಾಕಾತು ಅದಕ್ಕ." ಇಷ್ಟು ತಿಳಿದೂ ಗೆಳೆಯರ ಎದುರು ನನ್ನ ಮಾನ ಕಾದಿದ್ದಳು. "ನಿನಗೇನು ಮಾಡಿಕೊಡಲಿ ಹೇಳಮ್ಮಾ" ಎಂದೆ. "ಗಿಡ ಹೋತು. ಇನ್ನ ಸೀರಿ ಕಾಯೋರು ಯಾರು? ನೀನ ಕುಂದ್ರು" ಎಂದಳು.

ಕಳ್ಳನ ಕೈಗೇ ಬೀಗದ ಕೈ. ಈಗ ದಿನಾ ಬೆಳಿಗ್ಗೆ ಕುಂಡವಿದ್ದ ಜಾಗದಲ್ಲೇ ಸ್ಟೂಲು ಹಾಕಿಕೊಂಡು ಪೇಪರು ಓದುತ್ತೇನೆ. ಮೇಲಿನಿಂದ ಮಡಿ ಸೀರೆಯ ನೀರು ಸರಿಯಾಗಿ ನನ್ನ ಬೋಳು ತಲೆಯ ಮೇಲೆ ಹನಿಯುತ್ತದೆ. ತಿಂಗಳಾಯಿತು. ದಿನಾ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದೇನೆ, ಇನ್ನೂ ಏನೂ ಚಿಗುರಿಲ್ಲ.