ಗೋಣಿಮರದ ಹುಳುಗಳಿಗೆ ಕೊಟ್ಟ ನೋಟೀಸು

ಸರ್ಕಾರಿ ಮರದಲ್ಲಿ ವಾಸವಾಗಿರುವವರನ್ನು ಮುಂಚಿತವಾಗಿ ತಿಳಿಸದೆ ಒಕ್ಕಲೆಬ್ಬಿಸತಕ್ಕದ್ದಲ್ಲ. ಇದು ಕಾನೂನು. ಕೀಲಕ ಸಂವತ್ಸರದಲ್ಲಿ, ನಂಜನಗೂಡಿಗೂ ನರಸೀಪುರಕ್ಕೂ ನಡುವಿನ ನಮ್ಮೂರಲ್ಲಿ ತಮಟೆ ಹೊಡೆದು ಇದನ್ನು ಸಾರಿದಾಗ ನಾನು ಹೊಸ ಸೊಸೆ. ಕಿವಿಯಾರೆ ಕೇಳಿದ್ದೇನೆ.

ಆಗಿದ್ದು ಇಷ್ಟು. ಪಕ್ಕದ ಮನೆ ರುದ್ರಾಣಕ್ಕನ ಸೂರಿನ ಮೇಲೆ ರಸ್ತೆಬದಿಯ ಗೋಣಿಮರ ಬಾಗಿತ್ತು. ಬೇರು ಸಡಿಲವಾಗಿ, ಗಾಳಿ ಬಂದರೆ ಮುದುಕನ ಮಂಡಿ ಹಾಗೆ ಲಟಲಟ ಅನ್ನುತ್ತಿತ್ತು. ಮಳೆಗಾಲಕ್ಕೆ ಮುಂಚೆ ಕಡಿಸಿಕೊಡಿ ಅಂತ ಅವಳು ಅರ್ಜಿ ಕೊಟ್ಟಳು.

ಕಂದಾಯದ ಶೇಕದಾರ ಗಂಗಾಧರಸ್ವಾಮಿಗಳು ಕುದುರೆ ಏರಿ ಬಂದರು. ಮರದ ತೊಗಟೆ ಮೇಲೆ ಕಲ್ಲುಹೂವು ಬೆಳೆದಿತ್ತು. ಸಾರಿನ ಪುಡಿಗೆ ಹಾಕುತ್ತೇವಲ್ಲ, ಅದರದೇ ಜಾತಿ. ಎಳ್ಳುಕಾಳಿನಷ್ಟು ಹುಳುಗಳು ಕುರಿಮಂದೆ ಹಾಗೆ ಒತ್ತೊತ್ತಾಗಿ ನಿಂತು ಅದನ್ನು ಮೇಯುತ್ತಿದ್ದವು.

"ಇವರು ಯಾರು?" ಎಂದರು ಶೇಕದಾರರು.

"ಉಳ, ಬುದ್ಧಿ," ಎಂದ ತಳವಾರ ಮಾದಯ್ಯ.

"ಎಷ್ಟು ದಿನದಿಂದ ಇದ್ದಾರೆ?"

"ನಮ್ಮಪ್ಪನ ಕಾಲದಿಂದ್ಲೂ ಅವೆ."

"ಹಾಗಾದರೆ ಹಕ್ಕಿದೆ," ಎಂದು ಬರೆದುಕೊಂಡರು.

"ಅಯ್ಯೋ ಬುದ್ಧಿ, ಉಫ್ ಅಂದ್ರೆ ಓಯ್ತವೆ!" ಅಂತ ರುದ್ರಾಣಕ್ಕ ಊದಿ ತೋರಿಸಿದಳು. ಹುಳುಗಳು ಚೆಲ್ಲಾಪಿಲ್ಲಿಯಾಗಿ ಓಡಿ, ಗಳಿಗೆಯೊಳಗೆ ಮತ್ತೆ ಗುಂಪುಗೂಡಿದವು. 'ಅರ್ಜಿದಾರಳು ನಮ್ಮ ಸಮಕ್ಷಮದಲ್ಲೇ ನಿವಾಸಿಗಳ ಮೇಲೆ ಬಲಪ್ರಯೋಗ ಮಾಡಿದಳು' ಅಂತ ವರದಿಗೆ ಒಂದು ಸಾಲು ಸೇರಿತು.

ಮರುವಾರ ಮಾದಯ್ಯ ತಮಟೆ ಹೊಡೆದ. ಶೇಕದಾರರು ಮರದ ಮುಂದೆ ನಿಂತು ಓದಿದರು: "ಸದರಿ ಮರದ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ತಕರಾರಿದ್ದಲ್ಲಿ ಒಂದು ತಿಂಗಳೊಳಗೆ ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ಇನ್ನೊಂದು ತಿಂಗಳು ಕಾಯಲಾಗುವುದು."

ಓದಿದ ನೋಟೀಸನ್ನು ಮಾದಯ್ಯ ರಾಗಿ ಅಂಬಲಿ ಬಳಿದು ತೊಗಟೆಗೆ ಅಂಟಿಸಿದ. ಅಂಬಲಿ ರುಚಿಗೋ ಏನೋ, ತಿಂಗಳು ಕಳೆಯುವುದರೊಳಗೆ ಹುಳುಗಳು ಮೇದು ಕಾಗದದ ಅಂಚೆಲ್ಲ ಸವೆದುಹೋಗಿತ್ತು. ಶೇಕದಾರರು ನೋಡಿ, 'ನೋಟೀಸು ಸ್ವೀಕೃತವಾಗಿದೆ' ಎಂದು ಬರೆದರು.

ರುದ್ರಾಣಕ್ಕನಿಗೆ ತಡೆಯಲಿಲ್ಲ. "ಮರದ ಕೆಳಗೆ ನಾನೂ ವಾಸ ಇವ್ನಿ. ನಂಗ್ಯಾಕಿಲ್ಲ ನೋಟೀಸು?"

"ನಿನ್ನನ್ನು ಯಾರೂ ಒಕ್ಕಲೆಬ್ಬಿಸುತ್ತಿಲ್ಲವಲ್ಲಮ್ಮ," ಎಂದರು ಶೇಕದಾರರು, ತುಂಬ ಮರ್ಯಾದೆಯಿಂದ.

ಇನ್ನೊಂದು ತಿಂಗಳು ಕಾಯುತ್ತಿರುವಾಗಲೇ ಆಷಾಢದ ಗಾಳಿ ಬೀಸಿತು. ರುದ್ರಾಣಕ್ಕ ಒನಕೆ ಕೇಳಿಕೊಂಡು ನಮ್ಮ ಮನೆಗೆ ಬಂದಿದ್ದಳು, ಬದುಕಿದಳು. ಮರ ಸೂರು ಒಡೆದು ನಡುಮನೆಯಲ್ಲಿ ಮಲಗಿತು. ತೊಗಟೆ ಮೇಲೆ ಮಂದೆ ಹಾಗೇ ಮೇಯುತ್ತಿತ್ತು.

ಶೇಕದಾರರು ಬಂದು ಕಾನೂನು ಬಿಡಿಸಿ ಹೇಳಿದರು: ಮರ ಎಲ್ಲಿದೆಯೋ ಅದೇ ನಿವಾಸಿಗಳ ಸ್ಥಳ. ಮರ ಮನೆಯಲ್ಲಿದೆ. ಆದ್ದರಿಂದ ಮನೆ ಅವರದು. ವಿಚಾರಣೆ ಮುಗಿಯುವ ತನಕ ಅರ್ಜಿದಾರಳು ಅವರ ಅಪ್ಪಣೆ ಪಡೆದು ಒಳಗೆ ಹೋಗತಕ್ಕದ್ದು.

ರುದ್ರಾಣಕ್ಕ ಹೆಬ್ಬೆಟ್ಟು ಒತ್ತಿ ನಮ್ಮ ಕೊಟ್ಟಿಗೆಗೆ ಬಂದಳು. ದಿನಾ ಬೆಳಿಗ್ಗೆ ತನ್ನದೇ ಹೊಸ್ತಿಲ ಮುಂದೆ ನಿಂತು, "ಒಸಿ ಒರಳು ಬಳಸ್ಕತೀನಿ ಕಣ್ರಪ್ಪಾ," ಅಂತ ಕೂಗುತ್ತಿದ್ದಳು. ಒಂದು ಗಳಿಗೆ ಕಾಯುತ್ತಿದ್ದಳು. ಯಾರೂ ಬೇಡ ಅನ್ನುತ್ತಿರಲಿಲ್ಲ.

"ಒಳ್ಳೆ ಜನ ಕಣವ್ವ," ಅಂದಳು ಒಂದು ದಿನ, ನನ್ನ ಮುಖವನ್ನೇ ನೋಡುತ್ತ. "ಪಕ್ಕದ ಮನೇಲಿ ಏನ್ ಬೇಯ್ತದೆ ಅಂತ ಇಣುಕಾಕಿಲ್ಲ."